ಹಡಗು ಅವಳಾ, ಅದಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಮಗ ಮರ್ಚೆಂಟ್ ನೇವಿಯಲ್ಲಿದ್ದಾನೆ. ಮೊನ್ನೆ ರಜೆಗೆ ಬಂದಾಗ ಫೋನಲ್ಲಿ ಫ್ರೆಂಡ್ಸ್ ಹತ್ರ ಇಂಗ್ಲಿಷಲ್ಲಿ ಮಾತಾಡ್ತಾ ಮಾತು ಮಾತಿಗೆ "ಶೀ ಶೀ" ಅಂತಿದ್ದ. ನಮ್ಮ ಅತ್ತೆಗೆ ಅಷ್ಟು ಇಂಗ್ಲಿಷ್ ಬರ್ತದೆ, ಯಾರೋ ಹುಡುಗಿ ವಿಷಯ ಅಂತ ಎರಡು ದಿನ ನನ್ನ ತಲೆ ತಿಂದ್ರು. ಕಡೆಗೆ ಕೇಳಿದ್ರೆ ಅದು ಅವನ ಹಡಗಂತೆ! ಇಂಗ್ಲಿಷಿನವರು ಹಡಗಿಗೆ ಅವಳು ಅಂತ ಯಾಕೆ ಹೇಳೋದು? ನಾವ್ಯಾಕೆ ಹೇಳೋದಿಲ್ಲ?
(ಒಬ್ಬರು ಅಮ್ಮ, ಕಟಪಾಡಿ)

ಉತ್ತರ: ಮೊದ್ಲು ಅತ್ತೆಯವರಿಗೆ ಸಮಾಧಾನ ಹೇಳಿ, ಹುಡುಗ ಸುಳ್ಳು ಹೇಳಿಲ್ಲ.

ಈ ಪ್ರಶ್ನೆಗೆ ಓದಿದವರೆಲ್ಲ ಥಟ್ಟಂತ ಕೊಡೋ ಉತ್ತರ ಲ್ಯಾಟಿನ್ನದ್ದು. ಲ್ಯಾಟಿನಲ್ಲಿ ಹಡಗಿಗೆ ನಾವಿಸ್ ಅಂತಾರೆ, ಅದು ಸ್ತ್ರೀಲಿಂಗ, ಗ್ರೀಕಿನ ನೌಸ್ ಕೂಡ ಸ್ತ್ರೀಲಿಂಗ, ನಮ್ಮ ಸಂಸ್ಕೃತದ ನೌಕಾ ಅದೂ ಅದೇ ಬುಡದ್ದು ಅದೂ ಸ್ತ್ರೀಲಿಂಗ, ಅಲ್ಲಿಂದ ಇಂಗ್ಲಿಷಿಗೆ ಬಂತು ಅಂತ. ಕೇಳ್ಲಿಕ್ಕೆ ಚಂದ ಉಂಟು ಮಾರಾಯ್ರೆ, ಆದ್ರೆ ತಾಳೆ ಆಗೋದಿಲ್ಲ. ಯಾಕಂದ್ರೆ ಹಳೇ ಇಂಗ್ಲಿಷಿನಲ್ಲಿ ಎಲ್ಲ ವಸ್ತುಗಳಿಗೂ ವ್ಯಾಕರಣದ ಲಿಂಗ ಇತ್ತು, ಹಿಂದಿಯಲ್ಲಿ ಈಗಲೂ ಇರೋ ಹಾಗೆ, ಮತ್ತು ಆವಾಗ ಶಿಪ್ ಅನ್ನೋ ಶಬ್ದ ನಪುಂಸಕಲಿಂಗ. ಆಮೇಲೆ ಇಂಗ್ಲಿಷಿನವರು ಆ ಲಿಂಗದ ತಾಪತ್ರಯವನ್ನೇ ಬಿಟ್ಟುಬಿಟ್ರು, ಮೇಜು ಕುರ್ಚಿ ಮನೆ ಎಲ್ಲ ಅದು ಆಯ್ತು. ಹಾಗೆ ಎಲ್ಲವೂ ಅದು ಆಗ್ತಾ ಇದ್ದ ಕಾಲದಲ್ಲೇ, 14ನೇ ಶತಮಾನದ ಹೊತ್ತಿನ ಬರವಣಿಗೆಯಲ್ಲಿ, ಹಡಗು ಮಾತ್ರ ಅವಳಾಗಿ ಕಾಣಿಸ್ತದೆ. ಅಂದ್ರೆ ವ್ಯಾಕರಣ ಇದ್ದಾಗ ಹೆಣ್ಣಲ್ಲ, ವ್ಯಾಕರಣ ಹೋದ ಮೇಲೆ ಹೆಣ್ಣು. ಹಾಗಾದ್ರೆ ವ್ಯಾಕರಣದ ಕೆಲಸ ಅಲ್ಲ ಇದು.

ಬೇರೆ ಭಾಷೆ ನೋಡಿದ್ರೂ ಹಾಗೇ. ಲ್ಯಾಟಿನ್ನಿನ ಸ್ವಂತ ಮಗಳು ಫ್ರೆಂಚ್, ಅದರಲ್ಲಿ ಹಡಗಿನ ಮಾಮೂಲಿ ಶಬ್ದ ಪುಲ್ಲಿಂಗ. ರಷ್ಯನ್ನರಿಗೂ ಹಡಗು ಅವನೇ. ಹಿಂದಿಯಲ್ಲಿ ಜಹಾಜ್ ಗಂಡು, ನಾವ್ ಹೆಣ್ಣು, ಅಂದ್ರೆ ದೊಡ್ಡದಾದ್ರೆ ಅವನು ಸಣ್ಣದಾದ್ರೆ ಅವಳು, ಇದರ ಮೇಲೆ ನಾನೇನೂ ಹೇಳೋದಿಲ್ಲ. ಜರ್ಮನ್ನಲ್ಲಿ ಇನ್ನೂ ಮಜಾ ಉಂಟು, ಹಡಗು ಅನ್ನೋ ಶಬ್ದ ನಪುಂಸಕ, ಆದ್ರೆ ಹಡಗಿಗೊಂದು ಹೆಸರಿಟ್ಟ ಕೂಡ್ಲೇ ಆ ಹೆಸರು ಸ್ತ್ರೀಲಿಂಗ, ಗಂಡಸಿನ ಹೆಸರಾದ್ರೂ ಸರಿ. ಎರಡನೇ ಮಹಾಯುದ್ಧದಲ್ಲಿ ಬಿಸ್ಮಾರ್ಕ್ ಅಂತ ಅವರ ದೊಡ್ಡ ಯುದ್ಧನೌಕೆ ಇತ್ತಲ್ಲ, 1941ರಲ್ಲಿ ಮುಳುಗಿದ್ದು, ಅದರ ಕ್ಯಾಪ್ಟನ್ ಲಿಂಡೆಮಾನ್‌ಗೆ ಇದು ಸರಿಬರ್ಲಿಲ್ಲ, ಇಷ್ಟು ಬಲಿಷ್ಠ ಹಡಗನ್ನು ಅವಳು ಅನ್ನೋದಾ, ನನ್ನ ಹಡಗಲ್ಲಿ ಅವನು ಅಂತಲೇ ಹೇಳ್ಬೇಕು ಅಂತ ಅಂದಿದ್ದನ್ನು ಬದುಕಿ ಬಂದ ಅಧಿಕಾರಿಯೊಬ್ಬರು ಆಮೇಲೆ ಬರೆದಿದ್ದಾರೆ.

ಇನ್ನು ನಾವಿಕರನ್ನೇ ಕೇಳಿದ್ರೆ ಅವರ ಹತ್ರ ರೆಡಿಮೇಡ್ ಉತ್ತರ ಬೇಕಾದಷ್ಟುಂಟು. ತಾಯಿ ಹಾಗೆ ಹೊಟ್ಟೆಯಲ್ಲಿಟ್ಟು ಕಾಪಾಡ್ತಾಳೆ ಅಂತ ಒಬ್ಬ, ಹೆಂಡತಿ ಹಾಗೆ ಮುನಿಸ್ಕೊಳ್ತಾಳೆ ಅಂತ ಇನ್ನೊಬ್ಬ, ಪೇಂಟು ಪೌಡರಿಗೆ ಖರ್ಚು ಜಾಸ್ತಿ ಅದಕ್ಕೆ ಅಂತ ಅಮೆರಿಕದ ಅಡ್ಮಿರಲ್ ನಿಮಿಟ್ಜ್ ಅವರಂಥ ದೊಡ್ಡವರೇ ಜೋಕ್ ಹೊಡೆದಿದ್ದಾರೆ. ಇದೆಲ್ಲ ಹೇಳ್ಲಿಕ್ಕೆ ಶುರು ಮಾಡಿ ಎಷ್ಟೋ ಕಾಲ ಆದ್ಮೇಲೆ ಕಟ್ಟಿದ ಕಾರಣಗಳು. ಹಡಗಿನ ಮೂತಿಯಲ್ಲಿ ಕೆತ್ತಿದ ಹೆಣ್ಣಿನ ಗೊಂಬೆಯಿಂದ ಬಂತು ಅನ್ನೋದೂ ಪೂರ್ತಿ ಅಲ್ಲ, ಯಾಕಂದ್ರೆ ಸಿಂಹ, ಹದ್ದು, ಮೀಸೆ ಬಿಟ್ಟ ಯೋಧ ಎಲ್ಲವನ್ನೂ ಕೆತ್ತಿಸ್ತಿದ್ರು. ಗೊಂಬೆಗಳಲ್ಲಿ ನನಗೆ ಇಷ್ಟ ಲಂಡನ್ನಿನ ಗ್ರೀನಿಚ್‌ನಲ್ಲಿ ನಿಲ್ಲಿಸಿಟ್ಟಿರೋ ಕಟ್ಟಿ ಸಾರ್ಕ್‌ದ್ದು, 1869ರ ಹಡಗು, ಚೀನಾದಿಂದ ಚಹಾ ಸಾಗಿಸ್ಲಿಕ್ಕೆ ಕಟ್ಟಿದ್ದು. ಅದರ ಮೂತಿಯಲ್ಲಿ ಇರೋದು ದೇವಿಯೂ ಅಲ್ಲ ರಾಣಿಯೂ ಅಲ್ಲ, ನ್ಯಾನಿ ಅನ್ನೋ ಮಾಟಗಾತಿ, ಸ್ಕಾಟ್ಲೆಂಡಿನ ಕವಿ ಬರ್ನ್ಸ್‌ನ ಪದ್ಯದವಳು, ಓಡಿಹೋಗ್ತಿದ್ದ ಕುದುರೆಯ ಬಾಲ ಕಿತ್ತು ಕೈಯಲ್ಲಿ ಹಿಡ್ಕೊಂಡು ನಿಂತಿದ್ದಾಳೆ. ಹಡಗಿನ ಹೆಸರೇ ಅವಳು ಹಾಕಿದ್ದ ಗಿಡ್ಡ ಅಂಗಿಯದ್ದು.

ನನಗೆ ಕಾಣೋದೇ ಬೇರೆ. ಹಡಗು ಅವಳಾದದ್ದು ನಿಜವಾದ ಅವಳು ಅಲ್ಲಿ ಇರಲಿಲ್ಲ ಅನ್ನೋ ಕಾರಣಕ್ಕೆ. ಆರು ತಿಂಗಳು ವರ್ಷ ಸಮುದ್ರದ ಮೇಲೆ ಬರೀ ಗಂಡಸರು, ನೋಡ್ಕೊಳ್ಳೋದು ಅಂತ ಇರೋದು ಒಂದೇ, ಹಡಗು. ನಿಮ್ಮ ಮಗನನ್ನೇ ಕೇಳಿ, ಹೊಸದಾಗಿ ಸೇರಿದವರ ಕೈಗೆ ಮೊದ್ಲು ಬರೋದು ಚಿಪ್ಪಿಂಗ್ ಹ್ಯಾಮರ್, ಡೆಕ್ಕಿನ ಮೇಲೆ ಮೊಣಕಾಲೂರಿ ತುಕ್ಕು ಟಕ್ ಟಕ್ ಅಂತ ಕುಟ್ಟಿ ಎಬ್ಬಿಸೋದು, ಬ್ರಶ್ ಹಾಕಿ ಉಜ್ಜೋದು, ಕೆಂಪು ಪ್ರೈಮರ್ ಬಳಿಯೋದು, ಅದರ ಮೇಲೆ ಪೇಂಟು, ಈ ತುದಿಯಿಂದ ಆ ತುದಿ ಮುಟ್ಟೋಷ್ಟರಲ್ಲಿ ಈ ತುದಿಯಲ್ಲಿ ಮತ್ತೆ ತುಕ್ಕು. ರಾತ್ರಿ ಮಲಗಿದ್ರೂ ಇಂಜಿನ್ ಸದ್ದಲ್ಲಿ ಒಂಚೂರು ವ್ಯತ್ಯಾಸ ಆದ್ರೆ ಎಚ್ಚರ ಆಗ್ತದೆ. ಬೈಯೋದೂ ಅದಕ್ಕೇ, ಹೊಗಳೋದೂ ಅದಕ್ಕೇ, ಪ್ರಾಣ ಇರೋದೂ ಅದರಲ್ಲೇ. ಹೀಗೆ ದಿನಾ ಮಾತಾಡಿಸೋ ವಸ್ತುವನ್ನು ಅದು ಅನ್ಲಿಕ್ಕೆ ಬಾಯಿ ಬರೋದಿಲ್ಲ, ಅವನು ಅಂದ್ರೆ ಜೊತೆಗಿರೋ ನೂರು ಜನರಲ್ಲಿ ಇನ್ನೊಬ್ಬ ಆಗ್ತಾನೆ, ಉಳಿದದ್ದು ಅವಳು.

ಮತ್ತು ಆ ಅವಳ ಮೇಲೆ ಬೇರೆ ಅವಳು ಕಾಲಿಡೋ ಹಾಗಿರಲಿಲ್ಲ. ಇದಕ್ಕೆ ನಿಮ್ಮ ಕಂಪೌಂಡಿನಲ್ಲೇ ಒಂದು ಸಾಕ್ಷಿ ಇರ್ಬಹುದು, ಬೋಗನ್‌ವಿಲ್ಲಾ, ನಮ್ಮ ಕಡೆ ಕಾಗದದ ಹೂ ಅನ್ನೋದು. ಬೋಗನ್‌ವಿಲ್ ಅನ್ನೋ ಫ್ರೆಂಚ್ ನಾವಿಕ 1766ರಲ್ಲಿ ಭೂಮಿ ಸುತ್ತಲಿಕ್ಕೆ ಹೊರಟವನು, ಆ ಹೂವಿಗೆ ಅವನದ್ದೇ ಹೆಸರು. ಆಗ ಫ್ರೆಂಚ್ ನೌಕಾಪಡೆಯ ಹಡಗಿಗೆ ಹೆಂಗಸರನ್ನು ಹತ್ತಿಸೋ ಹಾಗಿರಲಿಲ್ಲ. ಆ ತಂಡದ ಸಸ್ಯವಿಜ್ಞಾನಿ ಕಾಮರ್ಸನ್ ಜೊತೆ ಸಹಾಯಕ ಅಂತ ಹತ್ತಿದವಳು ಝಾನ್ ಬಾರೆ, ಗಂಡಸಿನ ಬಟ್ಟೆ ಹಾಕ್ಕೊಂಡು ಗಂಡಸಿನ ಹೆಸರಿಟ್ಕೊಂಡು. ಬ್ರೆಜಿಲ್ಲಿನ ತೀರದಲ್ಲಿ ಗಿಡ ಹುಡುಕಿ ಮೂಟೆ ಹೊತ್ತವಳು ಅವಳು, ಕಾಮರ್ಸನ್‌ಗೆ ಕಾಲುನೋವು. 1768ರಲ್ಲಿ ತಾಹಿತಿ ದ್ವೀಪದಲ್ಲಿ ಗುಟ್ಟು ಬಯಲಾಯ್ತು, ಆದ್ರೂ ಕಡೆಗೆ ಊರಿಗೆ ಮುಟ್ಟಿ ಭೂಮಿ ಸುತ್ತಿದ ಮೊದಲ ಹೆಂಗಸು ಅನ್ನಿಸ್ಕೊಂಡ್ಳು. ಈಗ ಬೋಗನ್‌ವಿಲ್‌ನ ಮುಖ್ಯ ಹಡಗಿನ ಹೆಸರು ಕೇಳಿ, ಲಾ ಬೂದ್ಯೂಸ್, ಅಂದ್ರೆ ಮುನಿಸಿಕೊಂಡವಳು. ಹಡಗಿಗೆ ಹೆಣ್ಣಿನ ಹೆಸರು ಇಟ್ಟು ಕೊಂಡಾಡ್ಬಹುದು, ಹೆಣ್ಣು ಹತ್ತಬೇಕಾದ್ರೆ ಗಂಡಾಗ್ಬೇಕು.

ನಾವ್ಯಾಕೆ ಹೇಳೋದಿಲ್ಲ ಅಂದ್ರಿ. ನಮ್ಮ ಕನ್ನಡಕ್ಕೆ ಆ ಅಭ್ಯಾಸವೇ ಇಲ್ಲ, ಮನುಷ್ಯರು ದೇವರು ಬಿಟ್ರೆ ಉಳಿದದ್ದೆಲ್ಲ ಅದು, ಬಂತು, ಹೋಯ್ತು. ತುಳುವಿನಲ್ಲೂ ಬೋಟ್ ಬತ್ತ್ಂಡ್ (ಬಂತು), ಬತ್ತಳ್ (ಬಂದ್ಳು) ಅಂದ್ರೆ ಜನ ತಿರುಗಿ ನೋಡ್ತಾರೆ. ತೆಲುಗಿನವರಿಗೆ ಈ ಪ್ರಶ್ನೆಯೇ ಹುಟ್ಟೋದಿಲ್ಲ, ಅಲ್ಲಿ ಹುಡುಗಿ ಬಂದ್ರೂ ವಚ್ಚಿಂದಿ, ಹಡಗು ಬಂದ್ರೂ ವಚ್ಚಿಂದಿ. ನಗ್ಬೇಡಿ, ನಮ್ಮ ಹವ್ಯಕರ ಮನೆಗೆ ಹೋಗಿ, ಅಕ್ಕ ಬಂತು, ಅತ್ತೆ ಹೇಳಿತ್ತು ಅಂತ ಪ್ರೀತಿಯಿಂದಲೇ ಹೇಳ್ತಾರೆ. ಇಂಗ್ಲಿಷಿನವರು ಹಡಗನ್ನು ಅವಳು ಮಾಡಿದ್ರು, ನಮ್ಮಲ್ಲಿ ಕೆಲವರು ಅವಳನ್ನೇ ಅದು ಮಾಡಿಟ್ಟಿದ್ದಾರೆ. ನಿಮ್ಮ ಅತ್ತೆಯವರಿಗೆ ಇದನ್ನು ಓದಿ ಹೇಳೋದು ಬಿಡೋದು ನಿಮಗೆ ಬಿಟ್ಟದ್ದು.

ಪ್ರಶ್ನೆ: ಮಲ್ಪೆ ಬಂದರಲ್ಲಿ ನೋಡಿದ್ರೆ ಅರ್ಧಕ್ಕರ್ಧ ಬೋಟುಗಳಿಗೆ ದೇವಿಯರ ಹೆಸರು. ಹಾಗಾದ್ರೆ ನಾವೂ ಬೋಟನ್ನು ಹೆಣ್ಣು ಅಂತಲೇ ನೋಡೋದಲ್ವಾ?
(ಓದುಗರು, ಹೂಡೆ)

ಉತ್ತರ: ಇಲ್ಲ ಅಂತ ನನ್ನ ಅಭಿಪ್ರಾಯ. ಹೆಸರು ದೇವಿಯದ್ದು, ಬೋಟು ದೇವಿ ಅಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ರಜೆ ಇರ್ತದಲ್ಲ, ಆಗ ಒಮ್ಮೆ ಬಂದರಿಗೆ ಹೋಗಿ, ಸಾಲಾಗಿ ಕಟ್ಟಿ ನಿಲ್ಲಿಸಿದ ಬೋಟುಗಳ ಹಣೆ ಓದ್ತಾ ಹೋದ್ರೆ ಮಹಾಲಕ್ಷ್ಮಿ ದುರ್ಗಾಂಬಿಕೆಯ ಪಕ್ಕದಲ್ಲೇ ಆಂಜನೇಯ ಇರ್ತಾನೆ, ಮಂಗಳೂರು ದಕ್ಕೆಗೆ ಹೋದ್ರೆ ಸಂತರ ಹೆಸರು, ಅರಬಿ ಹೆಸರು ಎಲ್ಲ ಸಿಗ್ತದೆ. ಹೆಸರು ಅಂದ್ರೆ ಇಲ್ಲಿ ಯಾರ ಕಾವಲಲ್ಲಿ ಹೋಗ್ತೇವೆ ಅಂತ ಬರೆದಿಟ್ಟದ್ದು. ನಮ್ಮ ಮೊಗವೀರರು ನಂಬೋ ಕಡಲ ದೈವ ಬೊಬ್ಬರ್ಯ, ಗಂಡು, ಹಾಗಂತ ಬೋಟು ಗಂಡಾಗ್ಲಿಲ್ಲ. ರಜೆ ಸಮಯದಲ್ಲಿ ಬೋಟನ್ನು ದಡಕ್ಕೆ ಎಳೆದು, ಅಡಿಗೆ ಹಿಡಿದ ಚಿಪ್ಪು ಕೆರೆದು, ಹಳೇ ಪೇಂಟು ತೆಗೆದು ಹೊಸದು ಹೊಡೀತಾರೆ, ಆಗ ಹೆಸರಿನ ಅಕ್ಷರಕ್ಕೆ ಮಾತ್ರ ಬೇರೆ ಕುಂಚ, ಬೇರೆ ಕೈ, ನೆರಳು ಬರೋ ಹಾಗೆ ಎರಡು ಬಣ್ಣ. ಗೌರವ ಇರೋದು ಆ ಅಕ್ಷರಕ್ಕೆ. ಅದರ ಕೆಳಗಿರೋದು ರಿಪೇರಿ ಮಾಡಿಸ್ಬೇಕಾದ, ಬ್ಯಾಂಕಿನ ಸಾಲ ಇರೋ, ಡೀಸೆಲ್ ಕುಡಿಯೋ ಬೋಟು, ಅದು ಅದೇ.

ನಮ್ಮಲ್ಲಿ ಹೆಣ್ಣಾದದ್ದು ಕಡಲು. ನೂಲಹುಣ್ಣಿಮೆ ಹೊತ್ತಿಗೆ ಸಮುದ್ರಪೂಜೆ ಮಾಡಿ ಹಾಲು ಹೂವು ತೆಂಗಿನಕಾಯಿ ಬಿಡುವಾಗ ಗಂಗಾಮಾತೆ ಅಂತ ಕೈಮುಗೀತಾರೆ. ಪುರಾಣದ ಪ್ರಕಾರ ನೋಡಿದ್ರೆ ಸಮುದ್ರ ಗಂಡು ಮಾರಾಯ್ರೆ, ಸಮುದ್ರರಾಜ, ಲಕ್ಷ್ಮಿಯ ಅಪ್ಪ, ನದಿಗಳೆಲ್ಲ ಅವನ ಹೆಂಡಿರು. ದಿನಾ ಅದರ ಮೇಲೆ ಹೋಗೋವ್ರು ಮಾತ್ರ ಅಮ್ಮ ಅಂತಾರೆ. ಇಂಗ್ಲಿಷ್ ನಾವಿಕ ತನ್ನನ್ನು ಹೊತ್ತುಕೊಂಡ ಹಡಗಿಗೆ ಹೇಳಿದ್ದನ್ನು ನಮ್ಮವರು ಹಡಗನ್ನೂ ಸೇರಿಸಿ ಹೊತ್ತುಕೊಂಡವಳಿಗೆ ಹೇಳಿದ್ರು, ನನಗಂತೂ ನಮ್ಮವರದ್ದೇ ಸರಿ ಅನ್ನಿಸ್ತದೆ.

ಇನ್ನೊಂದು ಮಾತು. ಮಲ್ಪೆ ಎದುರಿನ ಸೈಂಟ್ ಮೇರೀಸ್ ದ್ವೀಪಕ್ಕೆ ಆ ಹೆಸರು ಬಂದದ್ದು 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ಇಳಿದು ಮೇರಿ ಮಾತೆಯ ಹೆಸರಿಟ್ಟದ್ದರಿಂದ ಅಂತ ನಮ್ಮಲ್ಲಿ ಹೇಳ್ತಾರಲ್ಲ, ಅವನ ಎರಡು ಮುಖ್ಯ ಹಡಗುಗಳ ಹೆಸರು ಸಾವೋ ಗೇಬ್ರಿಯಲ್, ಸಾವೋ ರಫಾಯೆಲ್, ಎರಡೂ ಗಂಡು ದೇವದೂತರು. ಅದೇ ಪೋರ್ಚುಗೀಸರ ಮಾತಿನಲ್ಲಿ ಅಂಥ ಹಡಗಿನ ಜಾತಿಗೆ ಇರೋ ಶಬ್ದ ಸ್ತ್ರೀಲಿಂಗ. ದ್ವೀಪಕ್ಕೆ ಮಾತೆ, ಹಡಗಿಗೆ ದೂತರು, ವ್ಯಾಕರಣಕ್ಕೆ ಹೆಣ್ಣು, ಇದರಲ್ಲಿ ಲಾಜಿಕ್ ಹುಡುಕ್ಲಿಕ್ಕೆ ಹೋದ್ರೆ ಬೆಳಗಾಗ್ತದೆ.

ಪ್ರಶ್ನೆ: ಹೆಂಗಸರು ಬೋಟು ಹತ್ತಿದ್ರೆ ಮೀನು ಸಿಗೋದಿಲ್ಲ ಅಂತ ನಮ್ಮಜ್ಜಿ ಹೇಳ್ತಿದ್ರು. ಇದು ನಮ್ಮಲ್ಲಿ ಮಾತ್ರವಾ?
(ಕಾಲೇಜು ವಿದ್ಯಾರ್ಥಿನಿ, ಸುರತ್ಕಲ್)

ಉತ್ತರ: ನಮ್ಮಲ್ಲಿ ಮಾತ್ರ ಅಲ್ಲ, ಯೂರೋಪಿನ ನಾವಿಕರೂ ಹೆಂಗಸರು ಹಡಗಲ್ಲಿದ್ರೆ ಬಿರುಗಾಳಿ ಬರ್ತದೆ ಅಂತಿದ್ರು. ಆದ್ರೆ ಮಹಾಭಾರತದಲ್ಲಿ ಪರಾಶರ ಮುನಿಯನ್ನು ಯಮುನೆ ದಾಟಿಸಿದವಳು ಯಾರು ಹೇಳಿ? ಬೆಸ್ತರ ಮನೆಯ ಮತ್ಸ್ಯಗಂಧಿ, ತಾನೇ ಹುಟ್ಟು ಹಾಕಿದವಳು. ಅವಳ ಹೆಸರಿನ ರೈಲು ಮಂಗಳೂರಿಂದ ಮುಂಬೈಗೆ ದಿನಾ ನಮ್ಮ ಕರಾವಳಿ ಉದ್ದಕ್ಕೆ ಓಡ್ತದೆ. ಮತ್ತೆ ಬೋಟು ದಕ್ಕೆಗೆ ಮುಟ್ಟಿದ ಮೇಲೆ ಎಂತ ನಡೀತದೆ ನೋಡಿದ್ದೀರಲ್ಲ, ಮೀನು ವಿಂಗಡಿಸೋವ್ರು ಹೆಂಗಸರು, ಏಲಂನಲ್ಲಿ ನಿಂತು ರೇಟು ಇಳಿಸೋವ್ರು ಹೆಂಗಸರು, ಬಂಗುಡೆ ಬೂತಾಯಿ ಬುಟ್ಟಿ ಹೊತ್ತು ಮನೆ ಮನೆಗೆ ಮುಟ್ಟಿಸೋವ್ರೂ ಅವರೇ, ಗಂಡ ತಂದ ಮೀನಿಗೆ ದುಡ್ಡಿನ ಮುಖ ತೋರಿಸೋದೇ ಅವರು. ಅಳಿಯಕಟ್ಟಿನ ಮೊಗವೀರರಲ್ಲಿ ಬಳಿ, ಅಂದ್ರೆ ಕುಲ, ಬರೋದೂ ತಾಯಿ ಕಡೆಯಿಂದ. ಬೋಟಿಗೆ ಮಾತ್ರ ಆಗೋದಿಲ್ಲ ಅಂದ್ರೆ ಅದು ಮೀನಿನ ತಕರಾರು ಅಲ್ಲ ಅಂತ ನಿಮ್ಮಜ್ಜಿಗೂ ಗೊತ್ತಿದ್ದಿರ್ಬೇಕು.

ಈಗ ಆ ಮಾತಿಗೆ ಬೆಲೆಯೂ ಇಲ್ಲ. ಗೋವಾದಲ್ಲಿ ಕಟ್ಟಿದ ಐಎನ್‌ಎಸ್‌ವಿ ತಾರಿಣಿ ಅನ್ನೋ ಹಾಯಿದೋಣಿಯಲ್ಲಿ ನಮ್ಮ ನೌಕಾಪಡೆಯ ಆರು ಜನ ಮಹಿಳಾ ಅಧಿಕಾರಿಗಳು, ವರ್ತಿಕಾ ಜೋಶಿ ಅವರ ನಾಯಕತ್ವದಲ್ಲಿ, 2017ರ ಸೆಪ್ಟೆಂಬರಿನಲ್ಲಿ ಹೊರಟು 2018ರ ಮೇಯಲ್ಲಿ ಭೂಮಿ ಸುತ್ತಿ ವಾಪಸ್ ಬಂದ್ರು. ಅದೇ ತಾರಿಣಿಯಲ್ಲಿ ದಿಲ್ನಾ ಮತ್ತು ರೂಪಾ ಅಂತ ಇಬ್ಬರೇ ಇಬ್ಬರು 2024ರ ಅಕ್ಟೋಬರಿಗೆ ಹೊರಟು 2025ರ ಮೇ ಕೊನೆಗೆ ಮತ್ತೊಂದು ಸುತ್ತು ಮುಗಿಸಿದ್ರು. ತಾರಿಣಿ ಅನ್ನೋ ಹೆಸರು ಒಡಿಶಾದ ತಾರಾತಾರಿಣಿ ದೇವಿಯದ್ದು. ಒಮ್ಮೆಯಾದ್ರೂ ಹಡಗಿನ ಹೆಸರೂ ಅದರೊಳಗೆ ಇರೋವ್ರೂ ಒಂದೇ ಕಡೆಯವರಾದ್ರು.

ಪ್ರಶ್ನೆ: ಕಾರವಾರದಲ್ಲಿ ನಿಲ್ಲೋ ವಿಕ್ರಮಾದಿತ್ಯ ಗಂಡಸಿನ ಹೆಸರು. ನೌಕಾಪಡೆಯವರು ಅದನ್ನೂ ಅವಳು ಅಂತಾರಾ?
(ಓದುಗರು, ಬೈಂದೂರು)

ಉತ್ತರ: ಅಂತಾರೆ, ಇಂಗ್ಲಿಷಲ್ಲಿ ಮಾತಾಡುವಾಗ. ಬ್ರಿಟಿಷರು ಬಿಟ್ಟುಹೋದ ಅಭ್ಯಾಸ, ರಾಜನ ಹೆಸರಾದ್ರೂ ಅವಳೇ. ಈ ಹಡಗಿನ ಕಥೆ ಸಾಕಷ್ಟು ತಮಾಷೆ ಉಂಟು. ರಷ್ಯಾದಲ್ಲಿದ್ದಾಗ ಅದರ ಹೆಸರು ಮೊದ್ಲು ಬಾಕು, ಆಮೇಲೆ ಅಡ್ಮಿರಲ್ ಗೋರ್ಷ್ಕೋವ್, ಅವರ ಭಾಷೆಯಲ್ಲಿ ಯುದ್ಧನೌಕೆ ಪುಲ್ಲಿಂಗ, ಹಾಗಾಗಿ ಅವನು. 2013ರ ನವೆಂಬರಿನಲ್ಲಿ ನಮ್ಮ ನೌಕಾಪಡೆಗೆ ಸೇರಿ ವಿಕ್ರಮಾದಿತ್ಯ ಅಂತ ಇನ್ನೂ ದೊಡ್ಡ ಗಂಡಸಿನ ಹೆಸರು ಬಂತು, ಬಂದ ಕೂಡ್ಲೇ ಇಂಗ್ಲಿಷಲ್ಲಿ ಅವಳಾದ. ಕಾರವಾರಕ್ಕೆ ಮುಟ್ಟಿದಾಗ ಕನ್ನಡ ಪೇಪರಿನವರು ವಿಕ್ರಮಾದಿತ್ಯ ಬಂತು ಅಂತ ಬರೆದು ಅದು ಮಾಡಿದ್ರು. ಒಂದೇ ಕಬ್ಬಿಣ, ಮೂರು ಲಿಂಗ.

ಹಡಗು ನೀರಿಗಿಳಿಸೋದು ಹೆಂಗಸರ ಕೈಯಲ್ಲೇ ಆಗ್ಬೇಕು ಅನ್ನೋ ಪದ್ಧತಿಯೂ ಬ್ರಿಟಿಷರಿಂದಲೇ ಬಂದದ್ದು. ಕೊಚ್ಚಿಯಲ್ಲಿ ಕಟ್ಟಿದ ವಿಕ್ರಾಂತವನ್ನು 2013ರ ಆಗಸ್ಟಿನಲ್ಲಿ ನೀರಿಗಿಳಿಸಿದ್ದು ಆಗಿನ ರಕ್ಷಣಾ ಮಂತ್ರಿ ಎ. ಕೆ. ಆಂಟನಿ ಅವರ ಪತ್ನಿ ಎಲಿಜಬೆತ್ ಆಂಟನಿ. ಇಂಗ್ಲೆಂಡಿನಲ್ಲಾದ್ರೆ ಶಾಂಪೇನ್ ಬಾಟ್ಲಿ ಒಡೀತಾರೆ, ನಮ್ಮಲ್ಲಿ ಸಾಮಾನ್ಯವಾಗಿ ತೆಂಗಿನಕಾಯಿ. ಮಂತ್ರಿಯೇ ಮಹಿಳೆ ಆದ್ರೆ ಏನು ಮಾಡೋದು ಅಂತ ಕೇಳ್ಬೇಡಿ, ಆಗ ಕೆಲಸ ಇನ್ನೂ ಸುಲಭ.

ಪ್ರಶ್ನೆ: ನಾನು ನಾಟಿಕಲ್ ಸೈನ್ಸ್ ಓದ್ತಿದ್ದೇನೆ. ನಮ್ಮ ಒಬ್ಬ ಸರ್ ಶೀ ಬರೀರಿ ಅಂತಾರೆ, ಇನ್ನೊಬ್ಬರು ಅದು ಹಳೇ ಕಾಲದ್ದು, ಇಟ್ ಬರೀರಿ ಅಂತಾರೆ. ಯಾವುದು ಸರಿ?
(ವಿದ್ಯಾರ್ಥಿ, ಮಂಗಳೂರು)

ಉತ್ತರ: ಇಬ್ಬರ ಹತ್ರವೂ ಆಧಾರ ಉಂಟು. ಲಂಡನ್ನಿನ ಲಾಯ್ಡ್ಸ್ ಲಿಸ್ಟ್, 1734ರಿಂದ ಹಡಗಿನ ಸುದ್ದಿ ಕೊಡ್ತಾ ಬಂದ ಪತ್ರಿಕೆ, 2002ರಲ್ಲಿ ಇನ್ನು ಮುಂದೆ ಹಡಗು ಇಟ್ ಅಂತ ತೀರ್ಮಾನ ಮಾಡಿತು, ಹಡಗು ಅಂದ್ರೆ ಕೊಂಡು ಮಾರೋ ಆಸ್ತಿ, ಉಳಿದ ಬಿಸಿನೆಸ್ ಪತ್ರಿಕೆಗಳ ಹಾಗೆ ನಾವೂ ಬರೀತೇವೆ ಅಂತ, ಓದುಗರು ಸಿಕ್ಕಾಪಟ್ಟೆ ಬೈದು ಪತ್ರ ಬರೆದ್ರು. 2019ರಲ್ಲಿ ಸ್ಕಾಟ್ಲೆಂಡಿನ ಸಾಗರ ಮ್ಯೂಸಿಯಂನಲ್ಲಿ ಯಾರೋ ಬೋರ್ಡುಗಳ ಮೇಲಿನ ಶೀ, ಹರ್ ಎಲ್ಲ ಕೆರೆದು ಹಾಕಿದ್ರು, ಮ್ಯೂಸಿಯಂನವರು ಇನ್ನು ಬೋರ್ಡೇ ಬದಲಾಯಿಸ್ತೇವೆ ಅಂದ್ರು, ಬ್ರಿಟಿಷ್ ನೌಕಾಪಡೆಯವರು ನಾವಂತೂ ಬಿಡೋದಿಲ್ಲ ಅಂದ್ರು.

ಆದ್ರೆ ನಿಮಗೆ ಪರೀಕ್ಷೆಗೆ ಬೇಕಾದದ್ದು ಇದ್ಯಾವುದೂ ಅಲ್ಲ. ಹಡಗುಗಳು ಒಂದಕ್ಕೊಂದು ಡಿಕ್ಕಿ ಹೊಡೆಯದ ಹಾಗೆ ತಡೆಯೋ 1972ರ ಅಂತಾರಾಷ್ಟ್ರೀಯ ನಿಯಮಗಳನ್ನು ನೀವು ಬಾಯಿಪಾಠ ಮಾಡ್ಲೇಬೇಕಲ್ಲ, ಅದರ ಆರನೇ ನಿಯಮ, ಸುರಕ್ಷಿತ ವೇಗದ್ದು, ತೆಗೆದು ನೋಡಿ, ಅಪಾಯ ಕಂಡಾಗ ಸರಿಯಾದ ಕ್ರಮ ತಗೊಳ್ಬೇಕಾದವಳು ಅಲ್ಲಿ ಶೀ. ಎಂಟನೇ ನಿಯಮದಲ್ಲಿ ನಿಧಾನ ಮಾಡ್ಬೇಕಾದ ವೇಗವೂ ಅವಳದ್ದೇ, ಹರ್ ಅಂತಲೇ ಇರೋದು. ನಿಯಮ ಬರೆಯುವಾಗ ಇದ್ದದ್ದು ಇದ್ದ ಹಾಗೆ ಬರೀರಿ, ಒಂದು ಶಬ್ದ ಆಚೀಚೆ ಮಾಡ್ಬೇಡಿ. ಸ್ವಂತ ವಾಕ್ಯದಲ್ಲಿ ವೆಸೆಲ್ ಅಂತ ಬರೆದ್ರೆ ಯಾವ ಸರ್ ಕೂಡ ಮಾರ್ಕ್ ಕಟ್ ಮಾಡ್ಲಿಕ್ಕಿಲ್ಲ. ಪಾಸಾಗಿ ಹಡಗು ಹತ್ತಿದ ಮೇಲೆ ಕ್ಯಾಪ್ಟನ್ ಬಾಯಲ್ಲಿ ಯಾವುದು ಬರ್ತದೋ ಅದನ್ನೇ ಹೇಳಿ, ಅವರು ಲಿಂಡೆಮಾನ್ ಜಾತಿಯವರಾಗಿದ್ರೆ ಅವನು ಅಂತಲೂ ಹೇಳ್ಬೇಕಾದೀತು.